ಅಫೀಮಿನ ಚಟ ಬಿಡಲಾಗದ ಸಂತ: ಮಾರ್ಕ ಜಿ ತಿಯಾನ್‌ಶಿಯಾಂಗ್

ಸಂತರ ಚರಿತ್ರೆಗಳನ್ನು ಓದುತ್ತ ಬೆಳೆದ ನಮಗೆ ಅವುಗಳ ದಾರಿ ಗೊತ್ತೇ ಇರುತ್ತದೆ. ಮೊದಲು ಪಾಪದ ಬಾಳು, ನಡುವೆ ಮನಪರಿವರ್ತನೆ, ಅಲ್ಲಿಂದಾಚೆಗೆ ಪುಣ್ಯದ ನಡೆ. ಸಂತ ಅಗಸ್ಟೀನರದು ಹೀಗೆ. ಐರ್ಲೆಂಡಿನ ಡಬ್ಲಿನ್ ನಗರದ ಬಡ ಕೂಲಿಕಾರ ಪೂಜ್ಯ ಮ್ಯಾಟ್ ಟಾಲ್ಬಟ್ ಅವರದೂ ಹೀಗೆಯೇ. 1884ರಲ್ಲಿ, 28ರ ಪ್ರಾಯದಲ್ಲಿ, ಕುಡಿತ ಬಿಡುವ ಪ್ರತಿಜ್ಞೆ ಮಾಡಿದವರು 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಸಾಯುವವರೆಗೂ ಅದಕ್ಕೆ ಮರಳಲಿಲ್ಲ. ಕುಡಿತದಿಂದ ನೊಂದ ಮನೆಗಳಿಗೆ ಹೋದಾಗ ನಾವು ಗುರುಗಳು ಸಾಮಾನ್ಯವಾಗಿ ಹೇಳುವುದು ಇವರ ಕಥೆಯನ್ನೇ. ಒಳ್ಳೆಯ ಕಥೆ, ಹೇಳಲೇಬೇಕಾದದ್ದು. ಆದರೆ ಮೂರು ಸಲ ಬಿಟ್ಟು ನಾಲ್ಕನೆಯ ಸಲವೂ ಬಿದ್ದವನ ಹೆಂಡತಿ ಅದನ್ನು ಕೇಳಿಸಿಕೊಂಡು ಸುಮ್ಮನೆ ತಲೆ ತಗ್ಗಿಸುತ್ತಾಳೆ. ಆಕೆಯ ಗಂಡನ ಕಥೆ ಹಾಗೆ ಸಾಗಿಲ್ಲ.

ಅಂಥವರ ಮನೆಗಾಗಿ ಧರ್ಮಸಭೆಯ ಸಂತರ ಪಟ್ಟಿಯಲ್ಲಿ ಇನ್ನೊಬ್ಬರಿದ್ದಾರೆ. ಅವರು ಅಫೀಮಿಗೆ ದಾಸರಾಗಿದ್ದರು. 30 ವರ್ಷ ಹೋರಾಡಿದರೂ ಅದನ್ನು ಬಿಡಲಾಗಲಿಲ್ಲ. ಆ 30 ವರ್ಷ ಅವರಿಗೆ ಪಾಪಕ್ಷಮೆಯೂ ದೊರೆಯಲಿಲ್ಲ, ಪರಮಪ್ರಸಾದವೂ ದೊರೆಯಲಿಲ್ಲ. ಆದರೂ ಅವರು ದೇವಾಲಯಕ್ಕೆ ಬರುವುದನ್ನು ನಿಲ್ಲಿಸಲಿಲ್ಲ. ಅವರೇ ಚೀನಾದ ರಕ್ತಸಾಕ್ಷಿ ಸಂತ ಮಾರ್ಕ ಜಿ ತಿಯಾನ್‌ಶಿಯಾಂಗ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಚದುರಿಹೋಗಿರುವ ನಮ್ಮ ಸಣ್ಣ ಸಣ್ಣ ಕ್ರೈಸ್ತ ಸಮುದಾಯಗಳಲ್ಲಿ ಈ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಕೇಳಿಬರಬೇಕಾದ ಹೆಸರು.

ಮಾರ್ಕರು ಹುಟ್ಟಿದ್ದು 1834ರಲ್ಲಿ, ಉತ್ತರ ಚೀನಾದ ಜಿಜೌ ಸೀಮೆಯ ಒಂದು ಹಳ್ಳಿಯಲ್ಲಿ. ಇಂದು ಅದು ಹೆಬೇ ಪ್ರಾಂತ್ಯಕ್ಕೆ ಸೇರಿದೆ. ಕಥೋಲಿಕ ಕುಟುಂಬ. ವೃತ್ತಿಯಲ್ಲಿ ವೈದ್ಯರು. ಬಡವರಿಗೆ ಹಣ ತೆಗೆದುಕೊಳ್ಳದೆ ಮದ್ದು ಕೊಡುತ್ತಿದ್ದರು. ಮದುವೆಯಾಗಿ, ಮಕ್ಕಳಾಗಿ, ಊರಿನ ಕ್ರೈಸ್ತರಲ್ಲಿ ಹಿರಿಯರೆನಿಸಿಕೊಂಡರು. ಆ ಭಾಗದ ಧರ್ಮಕಾರ್ಯವನ್ನು ಫ್ರಾನ್ಸ್ ದೇಶದ ಯೇಸುಸಭೆಯ ಗುರುಗಳು ನೋಡಿಕೊಳ್ಳುತ್ತಿದ್ದರು. ನಮ್ಮ ಹಳ್ಳಿಗಳ ಹಾಗೆಯೇ ಅಲ್ಲಿಯೂ ಕ್ರೈಸ್ತರು ಅಲ್ಪಸಂಖ್ಯಾತರು. ಆದ್ದರಿಂದ ಒಬ್ಬ ಕ್ರೈಸ್ತನ ನಡತೆ ಇಡೀ ಸಮುದಾಯದ ಮರ್ಯಾದೆಯ ಪ್ರಶ್ನೆಯಾಗಿತ್ತು.

ಅವರಿಗೆ ಹೊಟ್ಟೆನೋವಿನ ಕಾಯಿಲೆ ಬಂತು. ತಮಗೆ ತಾವೇ ಮದ್ದು ಮಾಡಿಕೊಂಡರು. ಆ ಮದ್ದು ಅಫೀಮು.

ಇದನ್ನು ಓದಿ ವೈದ್ಯನಾದವನಿಗೆ ಬುದ್ಧಿ ಬೇಡವೇ ಎಂದು ಕೇಳುವವರಿರಬಹುದು. ಆದರೆ ಆ ಕಾಲದಲ್ಲಿ ನೋವಿಗೂ ಭೇದಿಗೂ ಅಫೀಮಿಗಿಂತ ದೊಡ್ಡ ಮದ್ದು ಚೀನಾದಲ್ಲಿರಲಿ, ಯೂರೋಪಿನಲ್ಲೂ ಇರಲಿಲ್ಲ. ನಮ್ಮ ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ತಾಯಂದಿರು ಹಸುಗೂಸುಗಳಿಗೆ ಬಾಳಗೋಳಿ ಎಂಬ ಅಫೀಮಿನ ಗುಳಿಗೆ ತಿನ್ನಿಸಿ, ಮಲಗಿಸಿ, ಕೆಲಸಕ್ಕೆ ಹೋಗುತ್ತಿದ್ದರು. ಚಟದ ಮನೆಗೆ ಮದ್ದಿನ ಬಾಗಿಲೂ ಒಂದಿದೆ. ಇಂದೂ ಕೆಮ್ಮಿನ ಔಷಧ, ನೋವಿನ ಮಾತ್ರೆ, ನಿದ್ದೆಯ ಮಾತ್ರೆಗಳ ಮೂಲಕ ಅದೇ ಬಾಗಿಲಿಂದ ಒಳಹೋಗುವವರಿದ್ದಾರೆ.

ಚೀನಾದ ಹಳ್ಳಿಹಳ್ಳಿಗೂ ಅಫೀಮು ಹೇಗೆ ತಲುಪಿತು ಎನ್ನುವುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಚೀನಾದ ಚಹಾ ಕೊಳ್ಳಲು ಬೆಳ್ಳಿ ತೆತ್ತು ತೆತ್ತು ಸಾಕಾದ ಈಸ್ಟ್ ಇಂಡಿಯಾ ಕಂಪನಿ, ಅದಕ್ಕೆ ಬದಲು ಮಾರಲು ಅಫೀಮನ್ನು ಕಂಡುಕೊಂಡಿತು. ಬಿಹಾರ, ಬನಾರಸ್ ಕಡೆಯ ರೈತರಿಂದ ಗಸಗಸೆ ಬೆಳೆಯಿಸಿ, ಪಟ್ನಾ, ಗಾಜಿಪುರಗಳಲ್ಲಿ ಅಫೀಮು ಮಾಡಿಸಿ, ಕಲ್ಕತ್ತದಿಂದ ಸಾಗಿಸಿತು. ಮಾಳವದ ಅಫೀಮು ಮುಂಬಯಿ ಬಂದರಿನಿಂದ ಹೋಗುತ್ತಿತ್ತು. ಅದರ ಮೇಲಿನ ಸುಂಕ ಮುಂಬಯಿ ಪ್ರಾಂತ್ಯದ ಬೊಕ್ಕಸಕ್ಕೆ. ಮುಂದೆ ಮಾರ್ಕರ ನಡುವಯಸ್ಸಿನ ಹೊತ್ತಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳೆಲ್ಲ ಅದೇ ಪ್ರಾಂತ್ಯದ ಕಲಾದಗಿ ಜಿಲ್ಲೆಯಲ್ಲಿದ್ದವು. ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಬಂದದ್ದು 1885ರಲ್ಲಿ. ನಮ್ಮ ಮುತ್ತಜ್ಜಂದಿರ ಭೂಕಂದಾಯ ಬೀಳುತ್ತಿದ್ದ ಬೊಕ್ಕಸಕ್ಕೇ ಚೀನಾದ ಮನೆಗಳನ್ನು ಹಾಳುಮಾಡಿದ ಹಣವೂ ಬೀಳುತ್ತಿತ್ತು.

1839ರಲ್ಲಿ ಚೀನಾದ ಅಧಿಕಾರಿ ಲಿನ್ ಜೆಶು ಇಂಗ್ಲಿಷ್ ವರ್ತಕರಿಂದ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ವಶಪಡಿಸಿಕೊಂಡು ನಾಶಮಾಡಿಸಿದರು. ಅದಕ್ಕೆ ಉತ್ತರವಾಗಿ ಯುದ್ಧ ಬಂತು. ಸೋತ ಚೀನಾ 1842ರಲ್ಲಿ ಹಾಂಗ್‌ಕಾಂಗ್ ದ್ವೀಪವನ್ನು ಬಿಟ್ಟುಕೊಟ್ಟಿತು. 1856ರಿಂದ 1860ರವರೆಗೆ ಎರಡನೆಯ ಯುದ್ಧ. ಅದರ ನಡುವೆ, 1858ರಲ್ಲಿ, ಅಫೀಮಿನ ವ್ಯಾಪಾರ ಕಾನೂನುಬದ್ಧವಾಯಿತು. ನಮಗೆ ಕಹಿಯಾದ ಒಂದು ಮಾತು: ಇದೇ ಯುದ್ಧದ ಒಪ್ಪಂದಗಳೇ ಕ್ರೈಸ್ತ ಮಿಷನರಿಗಳಿಗೆ ಚೀನಾದ ಒಳನಾಡಿನಲ್ಲಿ ಧರ್ಮಪ್ರಚಾರದ ಸ್ವಾತಂತ್ರ್ಯವನ್ನೂ ದೊರಕಿಸಿದವು. ಶಿಲುಬೆಯೂ ಅಫೀಮೂ ಒಂದೇ ಬಾಗಿಲಿಂದ ಬಂದವೆಂದು ಚೀನೀಯರು ನೆನಪಿಟ್ಟುಕೊಂಡರೆ ಅವರ ತಪ್ಪೇನಿಲ್ಲ. ಆ ನೆನಪಿಗೆ ಬೆಲೆ ತೆತ್ತವರು ಮಾತ್ರ ಮಾರ್ಕರಂಥ ಬಡ ಚೀನೀ ಕ್ರೈಸ್ತರು.

ಚೀನೀಯರೂ ತಮ್ಮ ಹೊಲಗಳಲ್ಲಿ ಗಸಗಸೆ ಬೆಳೆಯತೊಡಗಿದರು. ಧಾನ್ಯಕ್ಕಿಂತ ಹೆಚ್ಚು ರೊಕ್ಕ ಬರುತ್ತಿತ್ತು. 1876ರಿಂದ 1879ರವರೆಗೆ ಉತ್ತರ ಚೀನಾದಲ್ಲಿ ಮಳೆ ಕೈಕೊಟ್ಟು ಭೀಕರ ಬರ ಬಂದು ಸುಮಾರು 90 ಲಕ್ಷದಿಂದ 1.3 ಕೋಟಿ ಜನ ಸತ್ತರು. ಮಾರ್ಕರ ಪ್ರಾಂತ್ಯವೂ ಬರಕ್ಕೆ ಸಿಕ್ಕಿತ್ತು. ಜೋಳದ ಜಾಗದಲ್ಲಿ ಗಸಗಸೆ ನಿಂತದ್ದು ಸಾವನ್ನು ಹೆಚ್ಚಿಸಿತೆಂದು ಅನೇಕರು ಬರೆದರು. ಅವೇ ವರ್ಷಗಳಲ್ಲಿ, 1876ರಿಂದ 1878ರವರೆಗೆ, ನಮ್ಮ ಕಲಾದಗಿ ಜಿಲ್ಲೆಯೂ ಬರದಲ್ಲಿ ಬೆಂದು ಜನಸಂಖ್ಯೆ ಕುಸಿಯಿತು. ಇಂದು ತೊಗರಿ, ಹತ್ತಿ, ಕಬ್ಬಿನ ಸಾಲುಗಳ ನಡುವೆ ಗಾಂಜಾ ಬೆಳೆದು ಸಿಕ್ಕಿಬಿದ್ದವರ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ನನಗೆ ಆ ಚೀನೀ ಹೊಲಗಳ ನೆನಪಾಗುತ್ತದೆ. ಗಾಂಜಾ ಬೆಳೆಯುವುದು 1985ರ ಮಾದಕ ವಸ್ತು ಕಾಯ್ದೆಯಡಿ ದೊಡ್ಡ ಅಪರಾಧ. ಆದರೂ ಸಾಲದಲ್ಲಿರುವ ರೈತನಿಗೆ ಆಸೆ ಹುಟ್ಟಿಸುವವರು ಇದ್ದೇ ಇರುತ್ತಾರೆ.

ಮಾರ್ಕರ ಕಡೆ ಮರಳೋಣ. ಹೊಟ್ಟೆನೋವೇನೋ ಹತೋಟಿಗೆ ಬಂತು, ಮದ್ದು ಮಾತ್ರ ಬಿಡಲಿಲ್ಲ. ಅಫೀಮಿನ ಗುಣವೇ ಹಾಗೆ. ನಿನ್ನೆಯ ಪ್ರಮಾಣ ಇಂದು ಸಾಲುವುದಿಲ್ಲ. ನಿಲ್ಲಿಸಿದರೆ ಒಂದು ದಿನದೊಳಗೆ ಕಣ್ಣು ಮೂಗು ಸುರಿಯುತ್ತವೆ, ಮೈಕೈ ಮುರಿದಂತಾಗುತ್ತದೆ, ಬೆವರು, ನಡುಕ, ವಾಂತಿ, ಭೇದಿ, ಕರುಳು ಹಿಂಡಿದಂಥ ನೋವು, ನಿದ್ದೆಯಿಲ್ಲ. ಎರಡು ಮೂರನೆಯ ದಿನಕ್ಕೆ ಇದು ತುದಿ ಮುಟ್ಟುತ್ತದೆ. ಒಂದು ವಾರಕ್ಕೆ ಮೈ ಸುಧಾರಿಸಿದರೂ ಒಳಗಿನ ಹಂಬಲ ತಿಂಗಳುಗಟ್ಟಲೆ ಉಳಿಯುತ್ತದೆ. ಹೊಟ್ಟೆಯ ರೋಗಿ ಅಫೀಮು ಬಿಡಲು ಹೋದರೆ ಮೊದಲು ಎದುರಾಗುವುದು ಹೊಟ್ಟೆನೋವೇ. ಆಗ ಕೈ ಎತ್ತ ಹೋಗುತ್ತದೆ?

ಪಾಪನಿವೇದನೆಯ ಪೀಠ ಇದ್ದೇ ಇತ್ತು. ಮಾರ್ಕರು ಹೋಗಿ ಮೊಣಕಾಲೂರಿ ಅದೇ ಪಾಪವನ್ನು ಹೇಳಿಕೊಂಡರು. ಕ್ಷಮೆ ಪಡೆದು ಹೊರಬಂದರು, ಬಿದ್ದರು, ಮತ್ತೆ ಹೋದರು. ಹಲವು ಸಲ ಹೀಗಾದ ಮೇಲೆ ಗುರುಗಳು ಇನ್ನು ಪಾಪಕ್ಷಮೆ ಕೊಡಲಾರೆನೆಂದರು. ಚಟ ಬಿಟ್ಟು ಬಾ, ಅಲ್ಲಿಯವರೆಗೆ ಇಲ್ಲ ಎಂಬುದು ಅದರ ಅರ್ಥ.

ಆ ಗುರುಗಳನ್ನು ಕಲ್ಲೆದೆಯವರೆಂದು ತೀರ್ಪು ಕೊಡುವುದು ಸುಲಭ. ಆದರೆ ಅವರ ತರ್ಕ ಹೀಗಿತ್ತು. ಪಾಪಕ್ಷಮೆಗೆ ಪಶ್ಚಾತ್ತಾಪ ಬೇಕು. ಪಶ್ಚಾತ್ತಾಪದೊಳಗೆ, ಮತ್ತೆ ಆ ಪಾಪ ಮಾಡುವುದಿಲ್ಲವೆಂಬ ದೃಢಸಂಕಲ್ಪ ಇರಬೇಕು. ಪ್ರತಿ ವಾರ ಅದೇ ಪಾಪ ಹೊತ್ತು ತರುವವನಲ್ಲಿ ದೃಢಸಂಕಲ್ಪವೆಲ್ಲಿದೆ? ಸಂಸ್ಕಾರವನ್ನು ಆಟವಾಗಿಸಲು ಬಿಡಬಾರದು. ದೇವಶಾಸ್ತ್ರ ಓದಿದವರಿಗೆ ಈ ತರ್ಕದಲ್ಲಿ ದೋಷ ಕಾಣುವುದು ಕಷ್ಟ. ದೋಷವಿದ್ದದ್ದು ಮನುಷ್ಯನ ದೇಹದ ಬಗೆಗಿನ ಅರಿವಿನಲ್ಲಿ. ಕೆಟ್ಟದ್ದನ್ನು ಬಯಸಿ ಮಾಡುವವನು ಬೇರೆ, ಒಳ್ಳೆಯದನ್ನು ಬಯಸಿಯೂ ಮಾಡಲಾರದವನು ಬೇರೆ ಎಂದು ಅರಿಸ್ಟಾಟಲ್ ಹಿಂದೆಯೇ ಬೇರ್ಪಡಿಸಿದ್ದ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಆ ಎರಡನೆಯವನ ಗೋಳನ್ನು ತಮ್ಮದೇ ಗೋಳಾಗಿ ತೋಡಿಕೊಂಡಿದ್ದಾರೆ. ಆದರೆ ಚಟವೂ ಒಂದು ಕಾಯಿಲೆ, ಅದು ಸಂಕಲ್ಪಶಕ್ತಿಯನ್ನೇ ಹಿಡಿದು ಕಟ್ಟುತ್ತದೆ ಎಂಬ ವೈದ್ಯಕೀಯ ತಿಳಿವಳಿಕೆ 19ನೆಯ ಶತಮಾನದ ಆ ಹಳ್ಳಿಯ ಗುರುಗಳಿಗೆ ಎಟುಕುವಂತಿರಲಿಲ್ಲ. ಚಿಕಿತ್ಸೆಯ ಹೆಸರಿನಲ್ಲಿ ಆಗ ಚೀನಾದಲ್ಲಿ ಹಂಚಲಾಗುತ್ತಿದ್ದ ಗುಳಿಗೆಗಳಲ್ಲೂ ಅನೇಕ ವೇಳೆ ಮಾರ್ಫಿನ್ ಇರುತ್ತಿತ್ತು, ಅಂದರೆ ಅಫೀಮಿನದೇ ಸಾರ. ಮಿಷನರಿಗಳೂ ಅದನ್ನು ಕೊಟ್ಟರು. ಜನ ಅದಕ್ಕೆ ಯೇಸುವಿನ ಅಫೀಮು ಎಂದೇ ಹೆಸರಿಟ್ಟರು.

1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಎರಡು ಮಾತನ್ನೂ ಹೇಳುತ್ತದೆ. ಚಿಕಿತ್ಸೆಗಲ್ಲದೆ ಮಾದಕ ವಸ್ತು ಬಳಸುವುದು ಗಂಭೀರ ಅಪರಾಧ, ಅದನ್ನು ಗುಟ್ಟಾಗಿ ತಯಾರಿಸಿ ಮಾರುವುದು ದುಷ್ಟಕಾರ್ಯ ಎಂದು 2291ನೆಯ ಪರಿಚ್ಛೇದದಲ್ಲಿದೆ. ಅಭ್ಯಾಸಬಲ, ಭಯ, ಮನಸ್ಸಿನ ಅಂಕೆ ಮೀರಿದ ಸೆಳೆತ ಮೊದಲಾದವು ಒಬ್ಬನ ಹೊಣೆಯನ್ನು ಕಡಿಮೆ ಮಾಡಬಹುದು, ಇಲ್ಲವಾಗಿಸಲೂಬಹುದು ಎಂದು 1735ನೆಯದರಲ್ಲಿದೆ. ನಮ್ಮ ಜನ ಮೊದಲನೆಯದನ್ನು ಚೆನ್ನಾಗಿ ಬಲ್ಲರು. ಎರಡನೆಯದನ್ನು ಅವರಿಗೆ ಹೇಳಿಕೊಡುವುದು ನಮ್ಮ ಕೆಲಸ.

ಇತ್ತ ಮಾರ್ಕರು ಏನು ಮಾಡಿದರು? ಗುರುಗಳ ಮೇಲೆ ಸಿಟ್ಟಾಗಿ ದೇವಾಲಯ ಬಿಡಬಹುದಿತ್ತು. ಪಾಪಕ್ಷಮೆಯೇ ಇಲ್ಲವೆಂದ ಮೇಲೆ ಇನ್ನೇಕೆ ಎಂದು ಪೂರ್ತಿ ಮುಳುಗಬಹುದಿತ್ತು. ಎರಡನ್ನೂ ಮಾಡಲಿಲ್ಲ. ಬಲಿಪೂಜೆಗೆ ಬಂದರು, ಪ್ರಾರ್ಥಿಸಿದರು. ಎಲ್ಲರೂ ಪರಮಪ್ರಸಾದಕ್ಕೆ ಎದ್ದು ಹೋಗುವಾಗ ಅವರು ಹೋಗುವಂತಿರಲಿಲ್ಲ. ಊರಿನ ಹಿರಿಯ, ಊರಿನ ವೈದ್ಯ, ಮೊಮ್ಮಕ್ಕಳನ್ನು ಕಂಡ ಅಜ್ಜ. ಅವರೇಕೆ ಏಳುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಆ ನಾಚಿಕೆಯನ್ನು 30 ವರ್ಷ ಹೊತ್ತು ಬಂದರು. ಚಟದಿಂದ ಬಿಡುಗಡೆಯ ಆಸೆ ಕರಗಿದ ಮೇಲೆ ಅವರ ಪ್ರಾರ್ಥನೆ ಒಂದೇ ಆಯಿತು, ತಮ್ಮಂಥವನಿಗೆ ಮೋಕ್ಷದ ಬಾಗಿಲು ರಕ್ತಸಾಕ್ಷಿಯ ಮರಣವೊಂದೇ, ಅದನ್ನಾದರೂ ದೇವರು ಕರುಣಿಸಲಿ ಎಂದು.

ನಮ್ಮ ದೇವಾಲಯಗಳಲ್ಲಿ ಕಾಣುವುದು ಬೇರೆ. ಚಟಕ್ಕೆ ಬಿದ್ದ ಗಂಡಸು ಮೊದಲು ಹಿಂದಿನ ಸಾಲಿಗೆ ಸರಿಯುತ್ತಾನೆ, ಆಮೇಲೆ ಹೊರಗಿನ ಬೇವಿನ ಮರದ ನೆರಳಿಗೆ, ಆಮೇಲೆ ಕ್ರಿಸ್ತಜಯಂತಿಗೆ ಮಾತ್ರ, ಆಮೇಲೆ ಅದಕ್ಕೂ ಇಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಬರುತ್ತಾಳೆ. ಅವನು ದೇವರನ್ನು ಬಿಟ್ಟನೆಂದು ನಾವು ಅಂದುಕೊಳ್ಳುತ್ತೇವೆ. ಹಲವು ಮನೆಗಳಲ್ಲಿ ಕುಳಿತು ಮಾತಾಡಿಸಿದ ಮೇಲೆ ನಾನು ಕಂಡದ್ದು, ಅವನು ಓಡಿದ್ದು ನಮ್ಮ ಕಣ್ಣುಗಳಿಂದ.

ಇಲ್ಲಿ ಚಟವೆಂದರೆ ಹೆಚ್ಚಾಗಿ ಕುಡಿತ, ಅದರ ಜೊತೆ ಗುಟ್ಕಾ, ಈಚೆಗೆ ಹುಡುಗರಲ್ಲಿ ಗಾಂಜಾ. ವಿಜಾಪುರ ಜಿಲ್ಲೆ 1950ರಲ್ಲಿ ಮುಂಬಯಿ ರಾಜ್ಯದ ಪಾನನಿರೋಧಕ್ಕೆ ಒಳಪಟ್ಟಿತ್ತು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1960ರ ದಶಕದ ಕೊನೆಗೆ ಅದು ತೆರವಾಯಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಹೆಂಗಸರು ದೀಪ ಹಚ್ಚಿ ಸಂತೋಷಪಡಬೇಕಾದ ಸುದ್ದಿ ಅದು, ಆದರೆ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂದು ಕೂತಿತು. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವೆಗಳಿಗೆ ಗುಳೆ ಹೋಗುವ ನಮ್ಮ ಜನರ ಮುಂಗಡದ ರೊಕ್ಕ ಎಲ್ಲಿ ಕರಗುತ್ತದೆಂದು ಯಾರಿಗೂ ಹೇಳಬೇಕಾಗಿಲ್ಲ. ಮಗಳ ಶಾಲೆ ನಿಲ್ಲುತ್ತದೆ, ಕಿವಿಯ ಓಲೆ ಅಡವಿಗೆ ಹೋಗುತ್ತದೆ, ರಾತ್ರಿ ಹೊಡೆತ ಬೀಳುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಜನರ ಕುಡಿತ ನೆರವು ಬೇಡುವ ಮಟ್ಟದ್ದು. ಅಫೀಮಿನ ಜಾತಿಯ ವಸ್ತುಗಳನ್ನು ಬಳಸುವವರೇ 2.26 ಕೋಟಿ. ಮಾರ್ಕರ ಕಾಯಿಲೆ ಚೀನಾದ ಹಳೆಯ ಕಥೆಯಲ್ಲ.

ಅವರಿಗೆ ಇಲ್ಲದ್ದು ನಮಗಿದೆ. ಅಫೀಮಿನ ದಾಸ್ಯಕ್ಕೆ ಬ್ಯೂಪ್ರೆನಾರ್ಫಿನ್‌ನಂಥ ಮದ್ದುಗಳಿವೆ, ಕುಡಿತದ ಹಂಬಲ ತಗ್ಗಿಸುವ ಮಾತ್ರೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಚಟ ಬಿಡಲು ನೆರವಾಗುವ ಕೇಂದ್ರ ಸರ್ಕಾರದ ಉಚಿತ ದೂರವಾಣಿ 14446 ಇದೆ. ಒಂದು ಎಚ್ಚರಿಕೆಯ ಮಾತನ್ನು ಮನೆಯವರು ಗಮನಿಸಬೇಕು. ವರ್ಷಗಟ್ಟಲೆ ಮುಂಜಾನೆಯಿಂದಲೇ ಕುಡಿಯುತ್ತಿದ್ದವರು ತಪಸ್ಸುಕಾಲದ ಹರಕೆ ಹೊತ್ತು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗಿ, ಇಲ್ಲದ್ದು ಕಂಡಂತಾಗಿ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಹರಕೆಯನ್ನು ವೈದ್ಯರ ಕೈಯಲ್ಲಿ ತೀರಿಸಿದರೆ ದೇವರು ಬೇಸರಿಸುವುದಿಲ್ಲ.

ಮುದ್ದೇಬಿಹಾಳಕ್ಕೆ ಹತ್ತಿರದ ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮಿಗಳನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. 1975ರಿಂದ ಅವರು ಜೋಳಿಗೆ ಹಿಡಿದು ಊರೂರು ತಿರುಗಿ, ರೊಕ್ಕ ಬೇಡ, ನಿಮ್ಮ ಚಟವನ್ನು ಹಾಕಿ ಎಂದು ಬೇಡಿದರು. 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಕುಡುಕರು ಮಠಕ್ಕೆ ಬರಲೆಂದು ಅವರು ಕಾಯಲಿಲ್ಲ, ತಾವೇ ಅವರ ಅಂಗಳಕ್ಕೆ ಹೋದರು. ಕಳೆದ ಕುರಿಯ ಸಾಮತಿಯನ್ನು ಪ್ರತಿ ವರ್ಷ ಓದುವ ನಾವು ಇದನ್ನು ಗಮನಿಸಬೇಕು.

1900ರ ಬೇಸಿಗೆಯಲ್ಲಿ ಉತ್ತರ ಚೀನಾ ಮತ್ತೆ ಬರದಲ್ಲಿತ್ತು. ಪರದೇಶಿಯರ ಮೇಲಿನ ಸಿಟ್ಟು ಬಾಕ್ಸರ್ ದಂಗೆಯಾಗಿ ಸ್ಫೋಟಿಸಿತು. ದಂಗೆಕೋರರಿಗೆ ಸುಲಭವಾಗಿ ಸಿಕ್ಕವರು ಹಳ್ಳಿಗಳ ಚೀನೀ ಕ್ರೈಸ್ತರು. ವಿಶ್ವಾಸ ತೊರೆದವರಿಗೆ ಜೀವದಾನ, ಇಲ್ಲದವರಿಗೆ ಸಾವು. ಅದೇ ಜುಲೈ 20ರಂದು ಆ ಸೀಮೆಯ ಜುಜಿಯಾಹೆ ಎಂಬ ಹಳ್ಳಿಯ ದೇವಾಲಯದಲ್ಲಿ ಗುರುಗಳೂ ಆಶ್ರಯ ಪಡೆದವರೂ ಒಟ್ಟಿಗೆ ಹತರಾದರು. ಅದಕ್ಕೂ ಮೊದಲೇ ಮಾರ್ಕರನ್ನು ಮನೆಯವರೊಂದಿಗೆ ಹಿಡಿದು ಒಯ್ದರು. ಜೊತೆಗಿದ್ದವರು ಮಗ, ಇಬ್ಬರು ಸೊಸೆಯರು, ಆರು ಮಂದಿ ಮೊಮ್ಮಕ್ಕಳು.

ಅಫೀಮಿಗೆ ಸೋಲುತ್ತಿದ್ದ ಮನುಷ್ಯ ಕತ್ತಿಯ ಮುಂದೆ ಸೋಲುತ್ತಾನೆಂದು ಊರವರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಅವರು ಸೋಲಲಿಲ್ಲ. ದಾರಿಯಲ್ಲಿ ಒಬ್ಬ ಮೊಮ್ಮಗ ನಡುಗುತ್ತ, ಎಲ್ಲಿಗೆ ಹೋಗುತ್ತಿದ್ದೇವೆಂದು ಕೇಳಿದನಂತೆ. ಮನೆಗೆ ಹೋಗುತ್ತಿದ್ದೇವೆಂದು ಅಜ್ಜ ಉತ್ತರಿಸಿದರಂತೆ. ಕೊಲ್ಲುವ ಜಾಗಕ್ಕೆ ಬಂದಾಗ ಅವರು ಒಂದೇ ಬೇಡಿಕೆ ಇಟ್ಟರು, ತಮ್ಮನ್ನು ಕೊನೆಯಲ್ಲಿ ಕೊಲ್ಲಬೇಕೆಂದು. ಮನೆಯವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದು ಎಂಬುದಷ್ಟೇ ಕಾರಣ. ಒಂಬತ್ತು ಜನರ ಪಕ್ಕದಲ್ಲೂ ಅವರು ನಿಂತರು. ಮಾತೆ ಮರಿಯಮ್ಮನವರ ಮನವಿಮಾಲೆಯನ್ನು ಹಾಡುತ್ತ ಕೊನೆಗೆ ತಾವೂ ತಲೆಕೊಟ್ಟರು. ಅಂದು 1900ರ ಜುಲೈ 7. ಅವರಿಗೆ 66 ವರ್ಷ. ಕೊನೆಯ ಪಾಪನಿವೇದನೆ ಇಲ್ಲ, ಪರಮಪ್ರಸಾದವಿಲ್ಲ. ಚಟವೂ ಬಿಟ್ಟಿರಲಿಲ್ಲ.

ಜಗದ್ಗುರು ಎರಡನೇ ಜಾನ್ ಪೌಲರು 2000ದ ಅಕ್ಟೋಬರ್ 1ರಂದು ರೋಮಿನಲ್ಲಿ ಚೀನಾದ 120 ರಕ್ತಸಾಕ್ಷಿಗಳನ್ನು ಸಂತ ಪದವಿಗೇರಿಸಿದಾಗ ಮಾರ್ಕರ ಹೆಸರೂ ಅದರಲ್ಲಿತ್ತು. ಆ 120 ಜನರಲ್ಲಿ 87 ಮಂದಿ ಚೀನೀಯರು, 33 ಮಂದಿ ಪರದೇಶದ ಮಿಷನರಿಗಳು. ಸಂತ ಅಗಸ್ಟೀನ್ ಝಾವೊ ರೋಂಗ್ ಮತ್ತು ಸಂಗಡಿಗರು ಎಂಬ ಹೆಸರಿನಲ್ಲಿ ಅವರೆಲ್ಲರ ಸ್ಮರಣೆ ಜುಲೈ 9ರಂದು ಬರುತ್ತದೆ. ಆ ದಿನದ ಬಲಿಪೂಜೆಯನ್ನು ಚಟಕ್ಕೆ ಬಿದ್ದವರಿಗಾಗಿ ಅರ್ಪಿಸಬೇಕೆಂದು ಬಯಸುವ ಕುಟುಂಬಗಳು ತಮ್ಮ ಧರ್ಮಕೇಂದ್ರದ ಗುರುಗಳಿಗೆ ಮುಂಚಿತವಾಗಿ ತಿಳಿಸಬಹುದು. ಹೆಸರು ಹೇಳಲು ಸಂಕೋಚವಾದರೆ ಹೇಳಬೇಕಾಗಿಲ್ಲ.